ವಿಮೆಯ ಕಂತು, ಬಂದರಿನ ಗಡಿ

ಮಿರ್ದಿಫ್‌ನ ನಮ್ಮ ಮನೆಗಳಲ್ಲಿ ಊರಿನ ಸರಕು ತರಿಸುವವರೂ ಇದ್ದಾರೆ, ಜೆಬೆಲ್ ಅಲಿಯಿಂದ ಹೊರಕ್ಕೆ ಕಳುಹಿಸುವವರೂ ಇದ್ದಾರೆ. ಸಿ.ಐ.ಎಫ್. ದರಕ್ಕೆ ಮಾರಿದರೆ ಹಡಗಿನ ಬಾಡಿಗೆಯಂತೆ ವಿಮೆಯ ಕಂತೂ ಮಾರುವವನದೇ. ಆ ಕಂತಿನ ಮೇಲಿನ ತೆರಿಗೆ ಅವನಿಗೆ ವಾಪಸು ಸಿಗಬೇಕೇ? ಊರಿನಲ್ಲಿ ಈ ಪ್ರಶ್ನೆ ಎರಡು ದಶಕ ಕಾಡಿತು.

1986ರಲ್ಲಿ ಬಂದ ಮಾಡ್‌ವ್ಯಾಟ್ ಕಚ್ಚಾವಸ್ತುವಿನ ಸುಂಕವನ್ನು ಮುರಿದುಕೊಳ್ಳಲು ಬಿಟ್ಟಿತು. ಆದರೆ ವಿಮೆ ಸರಕಲ್ಲ, ಸೇವೆ. 1994ರ ಜುಲೈ 1ರಿಂದ ದೂರವಾಣಿ, ಷೇರು ದಲ್ಲಾಳಿ, ಸಾಮಾನ್ಯ ವಿಮೆ ಈ ಮೂರರ ಮೇಲೆ ಶೇ. 5 ಸೇವಾ ತೆರಿಗೆ ಬಿತ್ತು. ಕಾರ್ಖಾನೆಯವರು ಅದನ್ನು ತೆತ್ತು ಸುಮ್ಮನಿರಬೇಕಾಯಿತು. ಸರಕಿಗೂ ಸೇವೆಗೂ ಒಂದೇ ಲೆಕ್ಕ ಬಂದದ್ದು 2004ರ ಸೆಪ್ಟೆಂಬರ್ 10ರಂದು, ಸೆನ್‌ವ್ಯಾಟ್ ಕ್ರೆಡಿಟ್ ನಿಯಮಗಳೊಂದಿಗೆ.

ಅಲ್ಲಿಗೆ ಮುಗಿಯಿತೆಂದುಕೊಂಡರೆ, ವ್ಯಾಜ್ಯ ಶುರುವಾದದ್ದೇ ಅಲ್ಲಿ. ಸರಕು 'ತೆರವಾಗುವ ಸ್ಥಳ'ದವರೆಗಿನ ಸೇವೆಗೆ ಮಾತ್ರ ಕ್ರೆಡಿಟ್ ಎಂದರು. ಆ ಸ್ಥಳ ಯಾವುದು, ಕಾರ್ಖಾನೆಯ ಗೇಟೋ, ಬಂದರೋ? ನಮ್ಮ ಸೇಡಂನ ವಾಸವದತ್ತಾ ಸಿಮೆಂಟ್‌ನ ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಅದು ವಿಮೆಯದಲ್ಲ, ಸಾಗಣೆ ಬಾಡಿಗೆಯದು. ಆದರೆ ಜಗಳ ಅದೇ ಪದದ್ದು. 2018ರ ಜನವರಿಯಲ್ಲಿ ಕಂಪನಿ ಗೆದ್ದಿತು, 2008ರ ಏಪ್ರಿಲ್ 1ರ ತಿದ್ದುಪಡಿಗೆ ಹಿಂದಿನ ಅವಧಿಗೆ ಮಾತ್ರ. 'ಇಂದ' ಎಂಬ ಪ್ರತ್ಯಯ 'ವರೆಗೆ' ಎಂದಾಗಿತ್ತು, ಅಷ್ಟೇ! ವ್ಯಾಕರಣದ ಮೇಷ್ಟರು ಕೇಳಿದ್ದರೆ ಸಂತೋಷಪಡುತ್ತಿದ್ದರು.

ರಫ್ತುದಾರರಿಗೆ ನೆಮ್ಮದಿ ತಂದದ್ದು 2015ರ ಫೆಬ್ರವರಿ 28ರ ಸುತ್ತೋಲೆ. ತಯಾರಕ ನೇರವಾಗಿ ರಫ್ತು ಮಾಡಿದರೆ ತೆರವಿನ ಸ್ಥಳ ಬಂದರೇ ಎಂದು ಅದು ಹೇಳಿತು. ಗೇಟಿನಿಂದ ಪಣಂಬೂರಿನವರೆಗಿನ ವಿಮೆಯ ತಕರಾರು ಹೀಗೆ ತಿಳಿಯಾಯಿತು. ಸಮುದ್ರದ ಪಾಲು ಉಳಿಯಿತು. 2017ರ ಜುಲೈ 1ರ ಜಿ.ಎಸ್.ಟಿ. ಈ ಗಡಿಯನ್ನೇ ಕಿತ್ತಿತು. ಈಗ ಸೇವೆ ವ್ಯಾಪಾರಕ್ಕೆ ಬಳಕೆಯಾಯಿತೇ ಎಂಬುದೇ ಮುಖ್ಯ ಪ್ರಶ್ನೆ. ರಫ್ತಿಗೆ ಶೂನ್ಯ ದರ, ಉಳಿದ ಕ್ರೆಡಿಟ್‌ಗೆ ಎರಡು ವರ್ಷದೊಳಗೆ ಅರ್ಜಿ ಹಾಕಿದರೆ ಮರುಪಾವತಿ.

ಇಲ್ಲಿ ವ್ಯಾಟ್ ಬಂದದ್ದು 2018ರ ಜನವರಿ 1ರಂದು, ಶೇ. 5. ರಫ್ತಿಗೆ ಇಲ್ಲಿಯೂ ಶೂನ್ಯ ದರವೇ, ಆದರೆ ಸರಕು ದೇಶ ದಾಟಿದ್ದಕ್ಕೆ ಪುರಾವೆ ಬೇಕು. ವ್ಯಾಪಾರದ ವಿಮೆಯ ಮೇಲೆ ತೆತ್ತ ವ್ಯಾಟ್ ಪಡೆಯಲು ಸರಿಯಾದ ಟ್ಯಾಕ್ಸ್ ಇನ್‌ವಾಯ್ಸ್ ಕೈಯಲ್ಲಿರಬೇಕು. ಮೊದಲ ವರ್ಷ ನಮ್ಮಲ್ಲೊಬ್ಬರು ಗೋದಾಮಿನ ವಿಮೆಯನ್ನು ಕಂಪನಿಯ ಬದಲು ಸ್ವಂತ ಹೆಸರಿನಲ್ಲಿ ಮಾಡಿಸಿದ್ದರು. ಲೆಕ್ಕಿಗರು ಬಿಲ್ಲನ್ನು ಬದಿಗಿಟ್ಟರು. ಹಣ ದೊಡ್ಡದೇನಲ್ಲ, ಆದರೂ ಆ ಬಿಲ್ಲು ಇಂದಿಗೂ ಅವರ ಮೇಜಿನ ಗಾಜಿನಡಿಯಲ್ಲಿದೆ.