ಹಿಮೋಫಿಲಿಯಾ ಇರುವ ಮಕ್ಕಳಿಗೆ ಮುಂಜಾಗ್ರತಾ ಚಿಕಿತ್ಸೆ

ಹಿಮೋಫಿಲಿಯಾ ಎಂದರೇನು?
ರಕ್ತವು ಹೆಪ್ಪುಗಟ್ಟಲು ಅವಶ್ಯವಾದ ಅಂಶವೊಂದರ ಕೊರತೆಯಿಂದ ಉಂಟಾಗುವ ವಂಶವಾಹಿ ಸಂಬಂಧಿತ ನ್ಯೂನತೆಯೇ ಹಿಮೋಫಿಲಿಯಾ. ಫ್ಯಾಕ್ಟರ್ 8ರ ಕೊರತೆಯನ್ನು ಹಿಮೋಫಿಲಿಯಾ 'ಎ' ಎಂದೂ, ಫ್ಯಾಕ್ಟರ್ 9ರ ಕೊರತೆಯನ್ನು 'ಬಿ' ಎಂದೂ ಕರೆಯಲಾಗುತ್ತದೆ. ಇದು ಬಹುತೇಕ ಗಂಡು ಮಕ್ಕಳಲ್ಲಿ ಕಂಡುಬರುತ್ತದೆ. ಸುಮಾರು ಮೂರನೇ ಒಂದರಷ್ಟು ಪ್ರಕರಣಗಳಲ್ಲಿ ಕುಟುಂಬದ ಹಿಂದಿನವರಲ್ಲಿ ಯಾರಿಗೂ ಈ ನ್ಯೂನತೆ ಇರುವುದಿಲ್ಲ.

ಮುಂಜಾಗ್ರತಾ ಚಿಕಿತ್ಸೆ ಏಕೆ?
ತೀವ್ರ ಸ್ವರೂಪದ ಹಿಮೋಫಿಲಿಯಾದಲ್ಲಿ ಪೆಟ್ಟು ಬೀಳದಿದ್ದರೂ ಮೊಣಕಾಲು, ಮೊಣಕೈ ಹಾಗೂ ಪಾದದ ಕೀಲುಗಳ ಒಳಗೆ ರಕ್ತಸ್ರಾವವಾಗುತ್ತದೆ. ಇದು ಮರುಕಳಿಸಿದಲ್ಲಿ ಕೀಲು ಶಾಶ್ವತವಾಗಿ ಹಾನಿಗೊಳ್ಳುತ್ತದೆ. ರಕ್ತಸ್ರಾವವಾದ ನಂತರ ನೀಡುವ ಔಷಧವು ಆ ರಕ್ತಸ್ರಾವವನ್ನು ನಿಲ್ಲಿಸಬಲ್ಲದೇ ಹೊರತು, ಆಗಿರುವ ಹಾನಿಯನ್ನು ಸರಿಪಡಿಸಲಾರದು. ಆದುದರಿಂದ ಮಗುವಿಗೆ ಮೂರು ವರ್ಷ ತುಂಬುವ ಮೊದಲು ಮತ್ತು ಕೀಲಿನ ಎರಡನೇ ರಕ್ತಸ್ರಾವಕ್ಕೆ ಮುನ್ನ ಚಿಕಿತ್ಸೆ ಆರಂಭಿಸುವುದು ಸೂಕ್ತ.

2007ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ನಿಯಮಿತವಾಗಿ ಫ್ಯಾಕ್ಟರ್ 8 ಪಡೆದ ಬಾಲಕರ ಪೈಕಿ ಶೇಕಡ 93ರಷ್ಟು ಮಂದಿಯ ಕೀಲುಗಳು ಆರು ವರ್ಷ ವಯಸ್ಸಿನಲ್ಲಿ ಎಂ.ಆರ್.ಐ. ಪರೀಕ್ಷೆಯಂತೆ ಸುಸ್ಥಿತಿಯಲ್ಲಿದ್ದವು. ರಕ್ತಸ್ರಾವವಾದಾಗ ಮಾತ್ರ ಚಿಕಿತ್ಸೆ ಪಡೆದವರಲ್ಲಿ ಈ ಪ್ರಮಾಣ ಶೇಕಡ 55 ಆಗಿತ್ತು.

ಚಿಕಿತ್ಸೆಯ ವಿಧಾನ:
1. ಫ್ಯಾಕ್ಟರನ್ನು ರಕ್ತನಾಳದ ಮೂಲಕ ಸಾಮಾನ್ಯವಾಗಿ ವಾರಕ್ಕೆ ಎರಡು ಅಥವಾ ಮೂರು ಬಾರಿ ನೀಡಲಾಗುತ್ತದೆ. ಪ್ರಮಾಣವನ್ನು ಮಗುವಿನ ತೂಕಕ್ಕೆ ಅನುಗುಣವಾಗಿ ವೈದ್ಯರು ನಿಗದಿಪಡಿಸುತ್ತಾರೆ.
2. ಹಿಮೋಫಿಲಿಯಾ 'ಎ' ಇರುವವರಿಗೆ ಎಮಿಸಿಜುಮಾಬ್ ಎಂಬ ಔಷಧವೂ ಇದ್ದು, ಇದನ್ನು ಚರ್ಮದ ಅಡಿಯಲ್ಲಿ ವಾರಕ್ಕೊಮ್ಮೆ, ಎರಡು ವಾರಕ್ಕೊಮ್ಮೆ ಅಥವಾ ನಾಲ್ಕು ವಾರಕ್ಕೊಮ್ಮೆ ನೀಡಲಾಗುತ್ತದೆ.
3. ಕೆಲವು ಮಕ್ಕಳಲ್ಲಿ ಫ್ಯಾಕ್ಟರನ್ನು ನಿಷ್ಫಲಗೊಳಿಸುವ ಪ್ರತಿಕಾಯಗಳು ಉಂಟಾಗುವುದರಿಂದ ಕಾಲಕಾಲಕ್ಕೆ ರಕ್ತಪರೀಕ್ಷೆ ಅವಶ್ಯಕ.

ಪೋಷಕರು ಗಮನಿಸಬೇಕಾದ ಅಂಶಗಳು:
1. ಮಗುವು ಕಾಲೂರಲು ನಿರಾಕರಿಸಿದಲ್ಲಿ ಅಥವಾ ಕೈ ಮಡಚಿಕೊಂಡೇ ಇದ್ದಲ್ಲಿ, ಊತ ಕಾಣುವವರೆಗೆ ಕಾಯದೆ ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು. ತಲೆಗೆ ಪೆಟ್ಟಾದಲ್ಲಿ ಇದು ತುರ್ತು ಪರಿಸ್ಥಿತಿ.
2. ಆಸ್ಪಿರಿನ್ ಹಾಗೂ ಐಬುಪ್ರೊಫೆನ್ ಮಾತ್ರೆಗಳನ್ನು ನೀಡಬಾರದು.
3. ಲಸಿಕೆ ಅಥವಾ ಚುಚ್ಚುಮದ್ದು ಹಾಕಿಸುವ ಮುನ್ನ ಮಗುವಿಗೆ ಹಿಮೋಫಿಲಿಯಾ ಇರುವುದನ್ನು ತಿಳಿಸತಕ್ಕದ್ದು.
4. ಚುಚ್ಚುಮದ್ದು ನೀಡಿದ ದಿನಾಂಕ, ಪ್ರಮಾಣ ಹಾಗೂ ರಕ್ತಸ್ರಾವದ ವಿವರಗಳನ್ನು ಪುಸ್ತಕದಲ್ಲಿ ದಾಖಲಿಸಿ, ಪ್ರತಿ ಭೇಟಿಯಲ್ಲಿ ವೈದ್ಯರಿಗೆ ತೋರಿಸತಕ್ಕದ್ದು.

ಗುರುತಿನ ಚೀಟಿ:
ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ, 2016ರಲ್ಲಿ ಪಟ್ಟಿ ಮಾಡಲಾದ 21 ಬಗೆಯ ವಿಕಲತೆಗಳಲ್ಲಿ ಹಿಮೋಫಿಲಿಯಾ ಸಹ ಒಂದಾಗಿರುತ್ತದೆ. ಪೋಷಕರು ಮಗುವಿನ ಪರವಾಗಿ ವಿಶಿಷ್ಟ ಗುರುತಿನ ಚೀಟಿಗೆ (ಯು.ಡಿ.ಐ.ಡಿ.) ಅರ್ಜಿ ಸಲ್ಲಿಸಬಹುದು. ಚೀಟಿಯ ನಿರೀಕ್ಷೆಯಲ್ಲಿ ಚಿಕಿತ್ಸೆಯನ್ನು ಮುಂದೂಡಬಾರದು. ಕಳೆದುಹೋದ ದಾಖಲೆಗೆ ನಕಲು ಪ್ರತಿ ದೊರೆಯುತ್ತದೆ. ಹಾಳಾದ ಕೀಲು ಮೊದಲಿನಂತಾಗುವುದಿಲ್ಲ.