ಸ್ನಾಯು ಎಂದರೆ ಯಾವುದು, ಮೈ ಅಲ್ಲಾಡುವುದು ಹೇಗೆ

ಕಾರ್ಯಕ್ರಮಗಳ ವಿವರದ ಜೊತೆಗೆ ಆಗಾಗ ಒಂದು ತಿಳಿವಳಿಕೆಯ ಬರಹವನ್ನೂ ಈ ಪುಟದಲ್ಲಿ ಹಾಕುತ್ತಿದ್ದೇವೆ. ಈ ಸಲದ ವಿಷಯ ಸ್ನಾಯುಗಳು. ನಾವು ವೈದ್ಯರಲ್ಲ, ಕಡತ ನೋಡಿ ನಿವೃತ್ತರಾದವರು. ಆದರೂ ಈ ವಿಷಯ ನಮ್ಮ ಭಾಗದವರಿಗೆ ಎರಡು ಕಾರಣಕ್ಕೆ ಬೇಕಾದದ್ದು. ಒಂದು, ಇಲ್ಲಿನ ಬಹುಪಾಲು ಜನ ಮೈಮುರಿದು ದುಡಿಯುವವರು. ಇನ್ನೊಂದು, ಪದಗಳ ಗೊಂದಲ.

ಪದದಿಂದಲೇ ಶುರುಮಾಡೋಣ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರಚನೆಯಾದಾಗ ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಸೇರಿದವು. ಅಂದಿನಿಂದ ನಮ್ಮ ಮನೆಯ ಮಾತು ಒಂದು, ಕಚೇರಿ ಮತ್ತು ಆಸ್ಪತ್ರೆಯ ಮಾತು ಇನ್ನೊಂದು. ಕನ್ನಡ ಮಾಧ್ಯಮದ ಮಕ್ಕಳು ‘ಸ್ನಾಯು’ ಎಂದು ಓದುವುದನ್ನು ತೆಲುಗು ಪುಸ್ತಕ ‘ಕಂಡರಂ’ ಎನ್ನುತ್ತದೆ. ಇಷ್ಟೇ ಆಗಿದ್ದರೆ ತೊಂದರೆಯಿರಲಿಲ್ಲ. ಆದರೆ ತೆಲುಗಿನಲ್ಲಿ ‘ಸ್ನಾಯುವು’ ಎಂಬ ಪದವೂ ಇದೆ. ಅದರ ಅರ್ಥ ಸ್ನಾಯು ಅಲ್ಲ, ಸ್ನಾಯುವನ್ನು ಎಲುಬಿಗೆ ಬಿಗಿಯುವ ಹುರಿ. ಆ ಹುರಿಗೆ ಕನ್ನಡದಲ್ಲಿ ಸ್ನಾಯುರಜ್ಜು ಎನ್ನುತ್ತೇವೆ. ಸಂಸ್ಕೃತದಲ್ಲಿ ‘ಕಂಡರಾ’ ಎಂದರೂ ಹುರಿಯೇ. ಬಂಗಾಳಿಯವರಿಗೆ ‘ಸ್ನಾಯು’ ಎಂದರೆ ನರ. ಒಂದೇ ಪದ ಮೂರು ಊರಿನಲ್ಲಿ ಮೂರು ಅಂಗ! ಇದರ ಮೇಲೆ ನಮ್ಮ ಆಡುಮಾತು ಬೇರೆ. ರಕ್ತನಾಳ, ಹುರಿ, ಮಾಂಸಖಂಡ ಎಲ್ಲಕ್ಕೂ ನಾವು ‘ನರ’ ಎಂದೇ ಹೇಳಿಬಿಡುತ್ತೇವೆ. ‘ನರ ಹಿಡಿದುಕೊಂಡಿದೆ’ ಎಂದು ಹೇಳಿದರೆ ಕೇಳಿದ ಡಾಕ್ಟರಿಗೆ ಏನೂ ತಿಳಿಯುವುದಿಲ್ಲ.

ಈ ಬರಹದಲ್ಲಿ ಸ್ನಾಯು ಎಂದರೆ ಮಾಂಸಖಂಡ, ತೆಲುಗಿನ ಕಂಡರಂ. ರಟ್ಟೆ, ತೊಡೆ, ಮೀನಖಂಡ ಇವೆಲ್ಲ ಅದೇ.

ನಮ್ಮ ಮೈಯಲ್ಲಿ 206 ಎಲುಬುಗಳಿವೆ. ಅವುಗಳನ್ನು ಅಲ್ಲಾಡಿಸುವ ಸ್ನಾಯುಗಳು 600ಕ್ಕೂ ಹೆಚ್ಚು. ಗಂಡಸರ ಮೈತೂಕದಲ್ಲಿ ಸುಮಾರು ಶೇಕಡಾ 40ರಷ್ಟು ಇವುಗಳದ್ದೇ, ಹೆಂಗಸರಲ್ಲಿ ಸ್ವಲ್ಪ ಕಡಿಮೆ. ನಾವು ಹೇಳಿದಂತೆ ಕೇಳುವ ಈ ಸ್ನಾಯುಗಳಿಗೆ ಐಚ್ಛಿಕ ಸ್ನಾಯುಗಳೆಂದು ಹೆಸರು. ಕರುಳು, ಜಠರ, ರಕ್ತನಾಳಗಳ ಗೋಡೆಯಲ್ಲಿರುವವು ನಮ್ಮನ್ನು ಕೇಳದೆ ಕೆಲಸ ಮಾಡುವ ಅನೈಚ್ಛಿಕ ಸ್ನಾಯುಗಳು. ಮೂರನೆಯದು ಹೃದಯದ ಸ್ನಾಯು, ಅದಕ್ಕೆ ರಜೆಯೇ ಇಲ್ಲ. ಇಲ್ಲಿ ಮೊದಲನೆಯ ಗುಂಪಿನ ಬಗ್ಗೆ ಮಾತ್ರ ಬರೆಯುತ್ತೇವೆ.

ಸ್ನಾಯುವಿನ ಬಗ್ಗೆ ಒಂದೇ ಮಾತು ನೆನಪಿಡಬೇಕೆಂದರೆ ಅದು ಇಷ್ಟು: ಸ್ನಾಯು ಎಳೆಯುತ್ತದೆ, ಎಂದೂ ತಳ್ಳುವುದಿಲ್ಲ. ಕಪಿಲೆ ಬಾವಿ ನೋಡಿದ ಹಿರಿಯರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎತ್ತುಗಳು ಇಳಿಜಾರಿನಲ್ಲಿ ನಡೆದರೆ ಹಗ್ಗ ರಾಟೆಯ ಮೇಲೆ ಜಾರಿ ನೀರಿನ ಬಾನಿ ಮೇಲೆ ಬರುತ್ತದೆ. ಅದೇ ಹಗ್ಗದಿಂದ ಬಾನಿಯನ್ನು ಕೆಳಕ್ಕೆ ತಳ್ಳಲು ಆಗುತ್ತದೆಯೇ? ಆಗುವುದಿಲ್ಲ. ಬಾನಿ ತನ್ನ ಭಾರಕ್ಕೆ ತಾನೇ ಇಳಿಯಬೇಕು. ಮೈಯಲ್ಲಿ ಎಲ್ಲವನ್ನೂ ಭಾರಕ್ಕೇ ಬಿಡಲಾಗದು, ಆದ್ದರಿಂದ ಎದುರುಬದುರು ಜೋಡಿಗಳಿವೆ. ತೋಳಿನ ಮುಂಭಾಗದ ದ್ವಿಶಿರ ಸ್ನಾಯು ಕುಗ್ಗಿದರೆ ಮೊಣಕೈ ಮಡಚುತ್ತದೆ. ಹಿಂಭಾಗದ ತ್ರಿಶಿರ ಸ್ನಾಯು ಕುಗ್ಗಿದರೆ ಅದು ನೆಟ್ಟಗಾಗುತ್ತದೆ. ಒಂದು ಎಳೆಯುವಾಗ ಇನ್ನೊಂದು ಸಡಿಲ ಬಿಡಬೇಕು. ನಾವು ತಳ್ಳುಗಾಡಿ ತಳ್ಳುವಾಗಲೂ ಒಳಗೆ ನಡೆಯುವುದು ಎಳೆತವೇ. ತ್ರಿಶಿರವು ಮೊಣಕೈಯನ್ನು ಎಳೆದು ನೆಟ್ಟಗೆ ಮಾಡುತ್ತದೆ, ಅದು ಹೊರಗೆ ತಳ್ಳಿದಂತೆ ಕಾಣುತ್ತದೆ. ಕಪಿಲೆಯ ರಾಟೆಗೂ ಮೈಯಲ್ಲಿ ಜೋಡಿಯಿದೆ, ಅದೇ ಮಂಡಿಚಿಪ್ಪು. ತೊಡೆಯ ಮುಂಭಾಗದ ಸ್ನಾಯುವಿನ ಹುರಿ ಅದರ ಮೇಲಿಂದ ಹಾದು ಕೆಳಗಿನ ಎಲುಬಿಗೆ ಸೇರುತ್ತದೆ.

ಈ ಎಳೆತ ಬರುವುದು ಎಲ್ಲಿಂದ? 1954ರಲ್ಲಿ ಎರಡು ಬೇರೆ ಬೇರೆ ಸಂಶೋಧಕ ಜೋಡಿಗಳು ಒಂದೇ ಉತ್ತರ ಕೊಟ್ಟವು. ಎರಡರಲ್ಲೂ ಹಕ್ಸ್ಲಿ ಎಂಬ ಹೆಸರಿನವರೊಬ್ಬರು ಇದ್ದದ್ದು, ಅವರಿಬ್ಬರೂ ಸಂಬಂಧಿಕರಲ್ಲದ್ದು ಒಂದು ತಮಾಷೆ. ಸ್ನಾಯುವಿನ ಎಳೆಯೊಳಗೆ ಆಕ್ಟಿನ್, ಮಯೋಸಿನ್ ಎಂಬ ಎರಡು ಬಗೆಯ ತಂತುಗಳು ಸಾಲಾಗಿವೆ. ಬಾವಿಯ ಹಗ್ಗವನ್ನು ಕೈ ಬದಲಿಸುತ್ತ ಜಗ್ಗುವಂತೆ ಮಯೋಸಿನ್ ತಂತು ಆಕ್ಟಿನ್ನನ್ನು ಹಿಡಿದು ಜಗ್ಗಿ, ಬಿಟ್ಟು, ಮತ್ತೆ ಹಿಡಿಯುತ್ತದೆ. ತಂತುಗಳು ತಾವು ಗಿಡ್ಡವಾಗುವುದಿಲ್ಲ, ಒಂದರೊಳಗೊಂದು ಸರಿಯುತ್ತವೆ, ಅಷ್ಟೆ. ಅಪ್ಪಣೆ ಬರುವುದು ನರದಿಂದ. ಅಪ್ಪಣೆ ಬಂದಾಗ ಎಳೆಯೊಳಗೆ ಕ್ಯಾಲ್ಸಿಯಂ ಬಿಡುಗಡೆಯಾಗಿ ಹಿಡಿತ ಶುರುವಾಗುತ್ತದೆ. ಹಿಡಿದದ್ದನ್ನು ಬಿಡುವುದಕ್ಕೂ ಶಕ್ತಿ ಖರ್ಚಾಗುತ್ತದೆ. ಸತ್ತ ಮೇಲೆ ಆ ಶಕ್ತಿ ಮುಗಿದು ಬಿಡಿಸಿಕೊಳ್ಳಲು ಆಗದೆ ಹೋಗುವುದರಿಂದಲೇ ಹೆಣ ಸೆಟೆಯುವುದು.

ನರ ಹೋದರೆ ಸ್ನಾಯುವೂ ಬಡವಾಗುತ್ತದೆ. ನಮ್ಮ ಓರಗೆಯವರಲ್ಲಿ ಪೋಲಿಯೊದಿಂದ ಕಾಲು ಸಣ್ಣಗಾದವರನ್ನು ಎಲ್ಲರೂ ಕಂಡಿದ್ದೇವೆ. ಆ ರೋಗ ಕೆಡಿಸಿದ್ದು ಕಾಲನ್ನಲ್ಲ, ಬೆನ್ನುಹುರಿಯಲ್ಲಿದ್ದ ನರಕೋಶಗಳನ್ನು. 2014ರ ಮಾರ್ಚ್ 27ರಂದು ಭಾರತವೂ ಸೇರಿದ ವಲಯ ಪೋಲಿಯೊ ಮುಕ್ತವೆಂಬ ಪ್ರಮಾಣಪತ್ರ ಪಡೆಯಿತು. ಈಗಿನ ಮಕ್ಕಳಿಗೆ ಅದನ್ನು ಕಂಡು ಗೊತ್ತಿಲ್ಲದಿರುವುದೇ ಲಸಿಕೆಯ ಗುಣ.

ಇನ್ನು ಲೆಕ್ಕ. ಲೆಕ್ಕ ನಮಗೆ ಇಷ್ಟವಾದದ್ದು, ಸ್ವಲ್ಪ ಸಹಿಸಿಕೊಳ್ಳಿ. ದ್ವಿಶಿರದ ಹುರಿ ಅಂಟಿರುವುದು ಮೊಣಕೈಯಿಂದ ಸುಮಾರು 5 ಸೆಂಟಿಮೀಟರ್ ದೂರದಲ್ಲಿ. ಅಂಗೈ ಇರುವುದು ಸುಮಾರು 35 ಸೆಂಟಿಮೀಟರ್ ದೂರದಲ್ಲಿ. ಹಾಗಾಗಿ ಮೊಣಕೈ ಮಡಚಿ ಅಂಗೈಯಲ್ಲಿ 5 ಕೆ.ಜಿ. ಹಿಡಿದರೆ ಸ್ನಾಯು ಅದರ ಏಳು ಪಟ್ಟು, ಅಂದರೆ 35 ಕೆ.ಜಿ. ಭಾರಕ್ಕೆ ಸಮನಾಗಿ ಎಳೆಯಬೇಕು. ನಷ್ಟದ ವ್ಯಾಪಾರದಂತೆ ಕಂಡರೂ ಲಾಭವಿದೆ: ಸ್ನಾಯು ಚೂರೇ ಕುಗ್ಗಿದರೂ ಕೈ ದೂರಕ್ಕೆ, ಬೇಗ ಚಲಿಸುತ್ತದೆ.

ಇದೇ ಲೆಕ್ಕ ಬೆನ್ನಿಗೆ ಬಂದಾಗ ಭಯವಾಗಬೇಕು. ಬೆನ್ನಿನ ಸ್ನಾಯುಗಳು ಬೆನ್ನುಮೂಳೆಯ ನಡುವಿನಿಂದ ಸುಮಾರು 5 ಸೆಂಟಿಮೀಟರ್ ಹಿಂದಿವೆ. ಬಾಗಿ, 40 ಸೆಂಟಿಮೀಟರ್ ಮುಂದಿರುವ 20 ಕೆ.ಜಿ. ಮೂಟೆಗೆ ಕೈ ಹಾಕಿದರೆ ಅವು 160 ಕೆ.ಜಿ. ಎಳೆಯಬೇಕು, ಬಾಗಿದ ಮೈಯ ಭಾರ ಬೇರೆ. ಮೂಟೆಯನ್ನು ಮೈಗೆ ಒತ್ತಿಕೊಂಡು 20 ಸೆಂಟಿಮೀಟರಿಗೆ ತಂದರೆ ಅದು 80ಕ್ಕೆ ಇಳಿಯುತ್ತದೆ. ಆದೋನಿಯ ಹತ್ತಿ ಮಾರುಕಟ್ಟೆಯಲ್ಲಿ ನುರಿತ ಹಮಾಲರು ಮೂಟೆಯನ್ನು ಬೆನ್ನಿಗೋ ತಲೆಗೋ ಏರಿಸಿಕೊಳ್ಳುವುದನ್ನು ಗಮನಿಸಿ. ಭಾರ ಬೆನ್ನುಮೂಳೆಯ ನೇರಕ್ಕೆ ಬಂತೆಂದರೆ ಎಳೆತದ ಲೆಕ್ಕ ಬಹುಪಾಲು ಇಳಿದುಹೋಗುತ್ತದೆ. ಇದನ್ನು ಅವರು ಪುಸ್ತಕ ಓದಿ ಕಲಿತದ್ದಲ್ಲ. ಅವರ ಬೆನ್ನಿಗೆ ಪೆಟ್ಟು ಬೀಳುವುದು ಹೆಚ್ಚಾಗಿ ಹೊರುವಾಗ ಅಲ್ಲ, ನೆಲದಿಂದ ಎತ್ತುವಾಗ ಮತ್ತು ಸೊಂಟ ತಿರುಚಿ ಇಳಿಸುವಾಗ.

ಹೊರೆ ಇಲ್ಲದೆಯೂ ಬೆನ್ನು ದುಡಿಯುತ್ತದೆ. ನಮ್ಮ ಕೋಸಿಗಿ, ಮಂತ್ರಾಲಯ, ಆದೋನಿ ಕಡೆಯಿಂದ ಗುಂಟೂರಿನ ಕಡೆಗೆ ಹತ್ತಿ, ಮೆಣಸಿನಕಾಯಿ ಬಿಡಿಸಲು ಗುಳೆ ಹೋಗುವ ಹೆಣ್ಣುಮಕ್ಕಳು ದಿನವಿಡೀ ಅರ್ಧ ಬಾಗಿಯೇ ಇರುತ್ತಾರೆ. ಬಿಗಿಹಿಡಿದು ಒಂದೇ ನಿಲುವಿನಲ್ಲಿರುವ ಸ್ನಾಯುವಿಗೆ ರಕ್ತದ ಹರಿವು ತಗ್ಗುತ್ತದೆ, ನೋವು ಕೂಡುತ್ತದೆ. ಅರ್ಧ ಗಂಟೆಗೊಮ್ಮೆ ನೆಟ್ಟಗೆ ನಿಂತು ಸೊಂಟ ಹಿಂದಕ್ಕೆ ಬಾಗಿಸಿದರೆ ಕೆಲಸ ಕೆಡುವುದಿಲ್ಲ. ಮೇಸ್ತ್ರಿಗಳು ಇದನ್ನು ಸೋಮಾರಿತನ ಎನ್ನಬಾರದೆಂಬುದು ನಮ್ಮ ಕೋರಿಕೆ.

ರಣಮಂಡಲ ಬೆಟ್ಟದ ಆಂಜನೇಯನ ದರ್ಶನಕ್ಕೆ ಹೋಗಿ ಬಂದವರಿಗೆ ಇನ್ನೊಂದು ಅನುಭವವಿರುತ್ತದೆ. ಹತ್ತುವಾಗ ಏದುಸಿರು, ಇಳಿಯುವಾಗ ತೊಡೆ ನಡುಕ, ಮಾರನೆಯ ದಿನ ಕೂತರೆ ಏಳಲಾಗದ ನೋವು. ಆ ನೋವಿಗೆ ಕಾರಣ ಹೆಚ್ಚಾಗಿ ಇಳಿದದ್ದು. ಇಳಿಯುವಾಗ ತೊಡೆಯ ಸ್ನಾಯು ಎಳೆಯುತ್ತಲೇ ಉದ್ದವಾಗಬೇಕು, ಬ್ರೇಕ್ ಹಿಡಿದಂತೆ. ಆಗ ಎಳೆಗಳಲ್ಲಿ ಸಣ್ಣ ಸಣ್ಣ ಹರಿತಗಳಾಗುತ್ತವೆ. ನೋವು ಒಂದೆರಡು ದಿನ ಏರಿ ತಾನೇ ಇಳಿಯುತ್ತದೆ, ಮುಂದಿನ ಸಲ ಕಡಿಮೆಯಾಗುತ್ತದೆ. ಇದು ಲ್ಯಾಕ್ಟಿಕ್ ಆಮ್ಲ ನಿಂತದ್ದರಿಂದ ಎಂದು ಹೇಳುವವರಿದ್ದಾರೆ. ಅದು ಸುಮಾರು ಒಂದು ಗಂಟೆಯಲ್ಲೇ ತೊಳೆದುಹೋಗಿರುತ್ತದೆ.

ಈಗ ನಮ್ಮ ವಯಸ್ಸಿನವರ ಮಾತು. ಮೂವತ್ತು ದಾಟಿದ ಮೇಲೆ ಹತ್ತು ವರ್ಷಕ್ಕೆ ಶೇಕಡಾ 3ರಿಂದ 8ರಷ್ಟು ಸ್ನಾಯು ಕರಗುತ್ತದೆ, ಅರವತ್ತರ ನಂತರ ಇನ್ನೂ ಬೇಗ. ಹಾಸಿಗೆ ಹಿಡಿದರೆ ಕೆಲವೇ ದಿನಗಳಲ್ಲಿ ಗೊತ್ತಾಗುವಷ್ಟು ಇಳಿಯುತ್ತದೆ. ತೊಡೆ ಸೋತವರು ಬೀಳುತ್ತಾರೆ, ಬಿದ್ದವರು ಸೊಂಟ ಮುರಿದುಕೊಳ್ಳುತ್ತಾರೆ. ಪಂಕ್ತಿಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತು ಕೈ ಊರದೆ ಏಳುವವರು ಈಗ ಎಷ್ಟು ಮಂದಿ? ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಗೋಡೆಗೆ ಒರಗಿಸಿದ ಕುರ್ಚಿಯಲ್ಲಿ ಕೂತು, ಕೈಗಳನ್ನು ಎದೆಗೆ ಕಟ್ಟಿಕೊಂಡು, 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರುತ್ತೀರೆಂದು ಎಣಿಸಿ. ಅಮೆರಿಕದ ಆರೋಗ್ಯ ಇಲಾಖೆಯವರ ಪಟ್ಟಿಯಂತೆ 60ರಿಂದ 64ರ ಗಂಡಸರು 14ಕ್ಕಿಂತ, ಹೆಂಗಸರು 12ಕ್ಕಿಂತ ಕಡಿಮೆ ಮಾಡಿದರೆ ಬಲ ಸಾಲದು. 65ರಿಂದ 69ರವರಿಗೆ ಅದು 12 ಮತ್ತು 11. ಪಕ್ಕದಲ್ಲಿ ಒಬ್ಬರು ನಿಂತಿರಲಿ. ಮಂಡಿ ಅಥವಾ ಹೃದಯದ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ಮಾಡಬೇಡಿ.

ಕರಗಿದ್ದು ಮರಳಿ ಬರುತ್ತದೆ, ಇದು ಸಂತೋಷದ ಸುದ್ದಿ. 1990ರಲ್ಲಿ ಪ್ರಕಟವಾದ ಬಾಸ್ಟನ್ನಿನ ಒಂದು ಅಧ್ಯಯನದಲ್ಲಿ ವೃದ್ಧಾಶ್ರಮದ ತೊಂಬತ್ತರ ಆಸುಪಾಸಿನ ಹತ್ತು ಮಂದಿಗೆ 8 ವಾರ ತೊಡೆಗೆ ಭಾರ ಕೊಟ್ಟು ವ್ಯಾಯಾಮ ಮಾಡಿಸಿದರು. ಮುಗಿಸಿದವರ ತೊಡೆಯ ಬಲ ಎರಡು ಪಟ್ಟಿಗೂ ಮೀರಿ ಹೆಚ್ಚಿತು. ವ್ಯಾಯಾಮ ಪೈಲ್ವಾನರಿಗೆ ಮಾತ್ರ ಎನ್ನುವವರಿಗೆ ಕೆ.ವಿ. ಅಯ್ಯರ್ ನೆನಪಾಗಲಿ. ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿ ಬರೆದ ಅವರೇ ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ವ್ಯಾಯಾಮಶಾಲೆ ನಡೆಸಿದವರು. ನಮಗೆ ಅಷ್ಟು ಬೇಡ. ಕುರ್ಚಿಯಿಂದ ಹತ್ತು ಸಲ ಎದ್ದು ಕೂರುವುದು, ಗೋಡೆ ಹಿಡಿದು ಹಿಮ್ಮಡಿ ಎತ್ತುವುದು, ದಿನ ಬಿಟ್ಟು ದಿನ, ಸಾಕು. ಜೊತೆಗೆ ತೊಗರಿಬೇಳೆ, ಶೇಂಗಾ, ಮಜ್ಜಿಗೆ, ತಿನ್ನುವವರಾದರೆ ಮೊಟ್ಟೆ. ಬರೀ ಅನ್ನ ತಿಳಿಸಾರಿನಿಂದ ಸ್ನಾಯು ಕಟ್ಟುವುದಿಲ್ಲ.

ಕೊನೆಗೆ ಆಸ್ಪತ್ರೆಯಲ್ಲಿ ಬೇಕಾಗುವ ಮಾತುಗಳು, ಬರೆದಿಟ್ಟುಕೊಳ್ಳಿ. ಮೀನಖಂಡಕ್ಕೆ ತೆಲುಗಿನಲ್ಲಿ ‘ಪಿಕ್ಕ’. ಸ್ನಾಯು ಸೆಳೆತವಾದರೆ ‘ಕಂಡರಾಲು ಪಟ್ಟೇಶಾಯಿ’ ಎನ್ನಿ. ಜೋಮು ಹಿಡಿದಿದ್ದರೆ ‘ತಿಮ್ಮಿರಿ’. ಇದು ನರದ ಕಡೆಯ ದೂರು, ಸ್ನಾಯುವಿನದ್ದಲ್ಲ. ಲಕ್ವಕ್ಕೆ ‘ಪಕ್ಷವಾತಂ’. ಬಾಯಿ ಒಂದು ಕಡೆ ಸೊಟ್ಟಗಾದರೆ, ಒಂದೇ ಪಕ್ಕದ ಕೈಕಾಲು ಇದ್ದಕ್ಕಿದ್ದಂತೆ ಸೋತರೆ, ಮಾತು ತೊದಲಿದರೆ ‘ನರ ಹಿಡಿದಿದೆ’ ಎಂದು ಎಣ್ಣೆ ತಿಕ್ಕುತ್ತ ಕೂರಬೇಡಿ. ಅಲ್ಲಿ ಸ್ನಾಯು ಚೆನ್ನಾಗಿಯೇ ಇದೆ, ಕೆಟ್ಟಿರುವುದು ಮಿದುಳಿನಿಂದ ಬರಬೇಕಾದ ಅಪ್ಪಣೆ. ಹೆಪ್ಪು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. 108ಕ್ಕೆ ಕರೆ ಮಾಡಿ, ತೊಂದರೆ ಎಷ್ಟು ಗಂಟೆಗೆ ಶುರುವಾಯಿತೆಂಬುದನ್ನು ಚೀಟಿಯಲ್ಲಿ ಬರೆದು ರೋಗಿಯ ಜೊತೆ ಕಳುಹಿಸಿ.