ಶಿಕಾರಿ ಚಾಕು ಯುದ್ಧಕ್ಕ ಹ್ವಾದದ್ದು

ನಮ್ಮ ಅಡಗಿ ಮನ್ಯಾಗ ಈಳಿಗಿ ಬ್ಯಾರೆ, ಚಾಕು ಬ್ಯಾರೆ. ಹಿತ್ತಲದಾಗಿನ ಕುಡಗೋಲಂತೂ ಬ್ಯಾರೇನ. ಕೆಲಸ ಬದಲಾತು ಅಂದ್ರ ಅಲಗಿನ ಆಕಾರನೂ ಬದಲಾಗ್ತದ. ಯುದ್ಧದ ಚಾಕುವಿನ ಕಥಿನೂ ಹಂಗ ಅದ ನೋಡ್ರಿ.

ಅಮೆರಿಕಾದ ಫ್ಲಾರಿಡಾದಾಗ ಒರ್ಲ್ಯಾಂಡೋ ಅಂತ ಊರು. ಅಲ್ಲಿ ಬೋ ರಾಂಡಲ್ ಅನ್ನಾಂವ ಕಿತ್ತಳಿ ಬೆಳೀತಿದ್ದ. 1937ರಾಗ ಮಿಶಿಗನ್ ಕಡೆ ಹ್ವಾದಾಗ ಒಬ್ಬಾಂವ ದೋಣಿ ಬಣ್ಣ ಚಾಕುಲೆ ಕೆರೀಲಿಕ್ಕತ್ತಿದ್ದನ್ನ ಕಂಡ. ಅಷ್ಟು ಕೆರದ್ರೂ ಅಲಗು ಮೊಂಡಾಗಿದ್ದಿಲ್ಲ! ಅದು ಬಿಲ್ ಸ್ಕೇಗಲ್ ಅನ್ನಾಂವ ಕೈಲೆ ಮಾಡಿದ್ದು. ರಾಂಡಲ್ ಅದನ್ನ ಕೊಂಡ್ಕೊಂಡ. ಆಮ್ಯಾಲೆ ಮೋಟಾರಿನ ಸ್ಪ್ರಿಂಗ್ ಪಟ್ಟಿ ಕಾಸಿ ಬಡದು ತಾನೂ ಚಾಕು ಮಾಡ್ಲಿಕ್ಕೆ ಕಲ್ತ.

ಮೊದಲಿಗೆ ಮಾಡಿದ್ದು ಶಿಕಾರಿಯವ್ರಿಗೆ. ತೊಗಲು ಸುಲಿಯೋ ಚಾಕುವಿಗೆ ಒಂದ ಕಡೆ ಹರಿತ ಇದ್ರ ಸಾಕು, ಹೊಟ್ಟಿ ಸ್ವಲ್ಪ ಉಬ್ಬಿರಬೇಕು. ಅವಸರ ಇಲ್ಲದ ಕೆಲಸ ಅದು.

ಎರಡನೇ ಮಹಾಯುದ್ಧ ಬಂತು. ಯುದ್ಧಕ್ಕ ಹೊಂಟ ಒಬ್ಬ ತರುಣ, ಕೈಗೆ ಕೈ ಹತ್ತಿದಾಗ ಕಾದಾಡ್ಲಿಕ್ಕೆ ಒಂದು ಮಾಡಿಕೊಡ್ರಿ ಅಂದ. ಆವಾಗ ಚಾಕು ಬದಲಾತು. ಅಲಗು ಏಳೆಂಟು ಇಂಚು ಉದ್ದಾತು. ತುದಿ ಹತ್ರ ಮ್ಯಾಲಿನ ಅಂಚಿಗೂ ಹರಿತ ಬಂತು. ಹಿಡಿಕಿ ಮುಂದ ಹಿತ್ತಾಳಿ ಅಡ್ಡಪಟ್ಟಿ ಕೂತ್ತು. ತಿವಿಯೋವಾಗ ಹಸಿ ಕೈ ಜಾರಿ ಅಲಗಿನ ಮ್ಯಾಲೆ ಹೋಗಬಾರದಲ್ರಿ, ಅದಕ್ಕ. ಹಿಡಿಕಿಗೆ ತೊಗಲಿನ ಬಿಲ್ಲಿ ಒಂದರ ಮ್ಯಾಲೊಂದು ಪೋಣಿಸಿ ಒತ್ತಿದ್ರು, ಹಿಡಿತ ಬರ್ಲಿ ಅಂತ.

ಒಬ್ಬನ ಕೈಯಾಗ ಕಂಡದ್ದು ಇನ್ನೊಬ್ಬಗ ಬೇಕಾತು. ಸಿಪಾಯಿಗಳ ಪತ್ರ ಬರ್ಲಿಕ್ಕೆ ಹತ್ತಿದ್ವು. ವಿಳಾಸ ಗೊತ್ತಿಲ್ಲದಾವ್ರು 'ಚಾಕುವಿನಾಂವ, ಒರ್ಲ್ಯಾಂಡೋ' ಅಂತ ಬರದ್ರೂ ಮುಟ್ಟತಿತ್ತಂತ. ಅವ್ರೊಳಗ ನಮ್ಮ ಮಕ್ಕಳ ವಯಸ್ಸಿನವ್ರು ಎಷ್ಟು ಮಂದಿ ಇದ್ರೋ! ಆ ವಯಸ್ಸಿನ್ಯಾಗ ಚಾಕು ತರಿಸ್ಕೊಳ್ಳೋ ಪರಿಸ್ಥಿತಿ ಯಾವ ತಾಯಿಗೂ ಕಾಣಿಸಬಾರದು ಅನ್ನಿಸ್ತದ.

1960ರ ದಶಕದಾಗ ವಿಯೆಟ್ನಾಂ ಯುದ್ಧದ ಹೊತ್ತಿಗೆ ಮತ್ತೊಂದು ರೂಪ ಬಂತು. ಸೈನ್ಯದ ಒಬ್ಬ ಡಾಕ್ಟರ್ ಹೇಳಿದ ವಿಚಾರದಿಂದ ಹಿಡಿಕಿ ಪೊಳ್ಳಾತು, ಒಳಗ ಕಡ್ಡಿ, ಗುಳಿಗಿ ಇಡ್ಲಿಕ್ಕೆ. ಅಲಗಿನ ಬೆನ್ನಿಗೆ ಗರಗಸದ ಹಲ್ಲು ಬಂದ್ವು, ಬಿದ್ದ ವಿಮಾನದ ತಗಡು ಕೊರದು ಹೊರಗ ಬರ್ಲಿಕ್ಕೆ. ಕೊಲ್ಲಲಿಕ್ಕೆ ಉದ್ದಾದ ಚಾಕು, ಜೀವ ಉಳಿಸ್ಕೊಳ್ಳೋ ಸಾಮಾನೂ ಆತು.

ರಾಂಡಲ್ 1989ರಾಗ ತೀರಿದ. ಅವ್ರ ಮನಿತನದವ್ರು ಅದ ಊರಾಗ ಈಗೂ ಕೈಲೆ ಚಾಕು ಮಾಡ್ತಾರ, ಬೇಕಾದವ್ರು ವರ್ಷಗಟ್ಟಲೆ ಕಾಯ್ತಾರ. ಕುಲುಮಿ ಅವಂದಾದ್ರೂ, ಆಕಾರ ಕೊಟ್ಟವ್ರು ಅದನ್ನ ಹಿಡಕೊಂಡು ಹ್ವಾದ ಮಂದಿ.